ವಾಡ್ಯಾಗ ಒಂದು ತಂಜಾವೂರ ಲಗ್ನ

ರೈಲು ನಿಲ್ಲೋ ಊರಾಗ ಬಾಳೇವು ಮಾಡಿದ್ರ ನಗಿಗೇನೂ ಬರ ಇರೂದಿಲ್ಲ ನೋಡ್ರಿ. ವಾಡಿ ಜಂಕ್ಷನ್‌ದಾಗ ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಬಂದು ಇಳದವರು. ನಮ್ಮ ಮನಿಯವರು ಪಾಯಿಂಟ್ಸ್‌ಮನ್, ರೈಲಿಗೆ ಹಳಿ ಬದಲಸೋ ಕೆಲಸ. ನಾ ಭಂಕೂರದಾಕಿ, ಇಲ್ಲೇ ಮಗ್ಗಲದಾಕಿ. ಆದ್ರೂ ರೈಲ್ವೆ ಕ್ವಾರ್ಟರ್ಸಿಗೆ ಬಂದ ಹೊಸದಾಗ ಪರದೇಶಕ್ಕ ಬಂದಂಗ ಆಗಿತ್ತು. ಇಲ್ಲಿ 'ನಮ್ಮ ಊರು, ನಮ್ಮ ಊರು' ಅನ್ನೂದು ಭಾಳ. ಅದರ ಸಲುವಾಗಿ ಒಂದು ಹುಡುಗಿ ಲಗ್ನನೇ ಮುರಿಯೋ ಹಂಗಾಗಿತ್ತು. ಅದನ್ನೂ ಹೇಳ್ತೀನಿ, ಜರಾ ತಡೀರಿ.

೧. ಮೈಸೂರು ಬಂತು

ಹೈದರಾಬಾದ ರಾಜ್ಯ ಒಡದು ನಮ್ಮ ಕಡಿ ಊರೆಲ್ಲ ಮೈಸೂರು ರಾಜ್ಯಕ್ಕ ಸೇರಿದ್ವು. "ಇನ್ನ ಮ್ಯಾಲ ನಾವು ಮೈಸೂರಿನವರು" ಅಂತ ನಮ್ಮ ಮನಿಯವರು ಡ್ಯೂಟಿಯಿಂದ ಬಂದು ಹೇಳಿದ್ರು. ಅದನ್ನ ಕೇಳಿ ಒಳಗ ಹೋದ ನಮ್ಮತ್ತಿ ಹೊರಗ ಬರವಲ್ಲಳು. ಹೋಗಿ ನೋಡಿದ್ರ ಸೀರಿ ಗಂಟು ಕಟ್ಟಿ, ರೊಟ್ಟಿ ಬುತ್ತಿ ಕಟ್ಟಲಿಕತ್ತಾಳ!

"ಎಲ್ಲಿಗೆ ಅತ್ತಿ?"

"ಮೈಸೂರಿಗೆ. ಎಮ್ಮಿ ಯಾರಿಗೆ ಒಪ್ಪಸಮ?"

"ಯವ್ವಾ, ನಾವೆಲ್ಲೂ ಹೋಗೂದಿಲ್ಲ. ಮೈಸೂರೇ ಇಲ್ಲಿಗೆ ಬಂದದ" ಅಂತ ಮಗ ತಿಳಿಸಿ ಹೇಳಿದ್ರು.

ಅತ್ತಿ ಗಂಟು ಇಳಿಸಿ ಒಲಿ ಮುಂದ ಕುಂತಳು. "ಪಾಪ, ಅಷ್ಟು ದೂರದಿಂದ ಬಂದದ. ಅಡಗಿ ಏನ್ ಮಾಡಮ?"

೨. ತಿಂಗಳ ರಜಾ

ನಮ್ಮ ಮಗ್ಗಲ ಮನಿ ಡ್ರೈವರಣ್ಣ ತಮಿಳು ಮಂದಿ. ಅವರಪ್ಪ ನಿಜಾಮನ ಕಾಲಕ್ಕ ರೈಲಿನ ಕೆಲಸಕ್ಕ ಬಂದು ಇಲ್ಲೇ ಉಳದವ. ಇವ ಹುಟ್ಟಿದ್ದೂ ವಾಡ್ಯಾಗ. ಆದ್ರ ಬಾಯಿ ಬಿಟ್ರ 'ನಮ್ಮ ತಂಜಾವೂರು'. ನೀರಂದ್ರ ಅಲ್ಲಿದು, ನೆಳ್ಳಂದ್ರ ಅಲ್ಲಿದು. ವಾಡಿ ಬಿಸಲಿಗೆ ಬೈಯದ ಒಂದು ಕಪ್ ಚಾ ಕುಡದವನಲ್ಲ. ಅಂಥಾವ ಒಮ್ಮೆ ತಿಂಗಳ ರಜಾ ಹಾಕಿ, ಜನ್ಮದಾಗ ಮೊದಲನೇ ಸಲ ಆ ಊರು ನೋಡಲಿಕ್ಕೆ ಹೋದ. ವಾರದಾಗ ವಾಪಸ್!

"ಯಾಕಣ್ಣ, ಇಷ್ಟು ಲಗೂ?"

"ಏನ್ ಹೇಳ್ಲಿ ತಂಗಿ. ಮುಂಜಾನಿ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ರೊಟ್ಟಿ ಅಂದ್ರ ನಗತಾರ. ಮ್ಯಾಲ, 'ಕನ್ನಡದವನಾಗಿ ತಮಿಳು ಛಲೋ ಕಲ್ತೀದಿ' ಅಂತ ನನ್ನ ಬೆನ್ನ ಚಪ್ಪರಿಸಿದ್ರು!"

ಕಣ್ಣಾಗ ನೀರು ತಂದಕೊಂಡಿದ್ದ. ಪಾಪ ಅನಿಸಿ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟೆ. ಗಡದ್ದಾಗಿ ತಿಂದು ತೇಗಿ ಅಂದ, "ಏನೇ ಅನ್ನು ತಂಗಿ, ನಮ್ಮ ತಂಜಾವೂರಂದ್ರ ತಂಜಾವೂರೇ!"

೩. ಹೊಸ್ತಿಲೋ, ತುತ್ತೋ

ರಾಜ್ಯದ ಹೆಸರು ಕರ್ನಾಟಕ ಆದ ಹೊಸದಾಗ ಅವನ ಮಗಳ ಲಗ್ನ ಶಹಾಬಾದದ ಹುಡುಗನ ಕೂಡ ಗೊತ್ತಾತು. ಹುಡುಗನ ಅಪ್ಪ ಅಲ್ಲಿ ಫ್ಯಾಕ್ಟರಿಯೊಳಗ ಫಿಟ್ಟರ್. ಅವರೂ ತಂಜಾವೂರ ಕಡಿಯವರು, ಅವರೂ ಇಲ್ಲೇ ಹುಟ್ಟಿದವರು. ಹುಡುಗ ಹುಡುಗಿ ಒಬ್ಬರಿಗೊಬ್ಬರು ಭಾಳ ಒಪ್ಪಿದ್ರು.

ಜಗಳ ಹತ್ತಿದ್ದು ಒಡಪಿನ ಮ್ಯಾಲ. ಪ್ರಾಸ ಕೂಡಿಸಿ ಒಡಪು ಕಟ್ಟಿ ಅದರಾಗ ಗಂಡನ ಹೆಸರು ಹೇಳೂದು ನಮ್ಮ ಕಡಿ ಎಲ್ಲಾ ಲಗ್ನದಾಗೂ ಇರೂದೇ ಬಿಡ್ರಿ. ಫಿಟ್ಟರ್ ಬೀಗರು ಅಂದ್ರು, "ಸೊಸಿ ಊಟಕ್ಕ ಕುಂತಾಗ ಗಂಡಗ ತುತ್ತು ಇಟ್ಟು ಹೆಸರು ಹೇಳಬೇಕು. ಅದು ತಂಜಾವೂರ ಪದ್ಧತಿ."

ಡ್ರೈವರಣ್ಣ ಕೆಂಡ ಆದ. "ಹೊಸ್ತಿಲದಾಗ ನಾದಿನಿ ಅಡ್ಡಗಟ್ಟಿದಾಗ ಹೇಳಬೇಕು! ನನಗ ತಂಜಾವೂರು ಕಲಸ್ತೀರಿ?"

ಇಬ್ಬರೂ ಬೈದಾಡಿದ್ದು ಅಚ್ಚ ಕನ್ನಡದಾಗ. "ಪದ್ಧತಿ ಗೊತ್ತಿಲ್ಲದ ಮನಿಗೆ ಹೆಣ್ಣು ಕೊಡೂದಿಲ್ಲ" ಅಂದ ಇವ. "ನಮಗೂ ಬ್ಯಾಡ" ಅಂದ್ರು ಅವರು.

ಹುಡುಗಿ ನಮ್ಮ ಮನಿಗೆ ಬಂದು ಗೊಳೋ ಅಂತ ಅತ್ತಳು. "ಅತ್ಯಾ, ಹೊಸ್ತಿಲದಾಗೂ ಹೇಳ್ತೀನಿ, ಉಣ್ಣಾಗೂ ಹೇಳ್ತೀನಿ. ಬೇಕಾದ್ರ ಸ್ಟೇಷನ್ ಮೈಕಿನಾಗೂ ಹೇಳ್ತೀನಿ. ಲಗ್ನ ಒಂದು ಮುರೀಬ್ಯಾಡ್ರಿ ಅನ್ರಿ!"

ಸೆರಗಿಲೆ ಆಕಿ ಕಣ್ಣ ಒರಸಿದೆ. ನಗಿನೂ ಬಂತು, ಸುಳ್ಳ್ಯಾಕ ಹೇಳ್ಲಿ.

೪. ಮುದುಕಿ ತೀರ್ಪು

ಕಡಿಕ್ಕ ಡ್ರೈವರಣ್ಣನ ಸೋದರತ್ತಿನ್ನ ತಂಜಾವೂರಿಂದ ಕರಸಿದ್ರು. ಮುದುಕಿ ಹೇಳಿದ್ದೇ ಖರೇ, ಅದರಂಗ ನಡಿಯೂದು ಅಂತ ಇಬ್ಬರೂ ಬೀಗರು ಒಪ್ಪಿದ್ರು. ಆಕಿ ಮದ್ರಾಸ್ ಗಾಡಿಯಿಂದ ಇಳದು, ಬೀಗರೂ ನಾವೂ ಕೂಡಿದ್ದ ಡ್ರೈವರಣ್ಣನ ಮನಿಗೆ ಬಂದಳು. ಕುಂದ್ರಿಸಿ, ಚಾ ಕೊಟ್ಟು, ಒಂದು ಒಡಪು ಹೇಳಿ ತೋರಸು ಅಂತ ಹುಡುಗಿಗೆ ಅಂದ್ರು. ಹುಡುಗಿ ತಲಿ ತಗ್ಗಿಸಿ ಹೇಳಿದಳು:

"ಶಹಾಬಾದ ಫರಸಿ ಹಾಸಿದ್ರ ತಂಪು, ಮುರುಗೇಶರ ಹೆಸರು ಕೇಳಿದ್ರ ಇಂಪು."

ಮುದುಕಿ ಎರಡೂ ಕಿವಿ ಮುಚ್ಚಿಕೊಂಡು ತಮಿಳಿನಾಗ ಚೀರಿದಳು. ಏನಂದಳು ಅಂತ ಡ್ರೈವರಣ್ಣನೇ ಸಣ್ಣ ದನಿಲೆ ನನಗ ಹೇಳಿದ: "ಅಯ್ಯಯ್ಯೋ, ಗಂಡನ ಹೆಸರು ಬಾಯಿಲೆ ಅಂದಳಲ್ಲ! ನಮ್ಮ ಕಡಿ ಹೆಂಗಸರು ಸತ್ರೂ ಅನ್ನೂದಿಲ್ಲ. ಇದ್ಯಾವ ದೇಶದ ಪದ್ಧತಿ?"

ಹುಡುಗಿ ನನ್ನ ಕೈ ಗಟ್ಟಿ ಹಿಡದಳು. ಮುಗೀತು ಈ ಲಗ್ನ ಅಂದಕೊಂಡೆ ನಾ.

ಬೀಗರು ಡ್ರೈವರಣ್ಣನ ಮಾರಿ ನೋಡಿದ್ರು, ಡ್ರೈವರಣ್ಣ ಬೀಗರ ಮಾರಿ ನೋಡಿದ. ಮಾತು ಬಿಟ್ಟಿದ್ದ ಇಬ್ಬರೂ ಎದ್ದು ಹೊರಗ ಕಟ್ಟಿ ಮ್ಯಾಲ ಕುಂತು ಬೀಡಿ ಹಚ್ಚಿದ್ರು. ಒಳಗ ಬರಬೇಕಾದ್ರ ಒಬ್ಬರ ಹೆಗಲ ಮ್ಯಾಲ ಒಬ್ಬರ ಕೈ.

"ಲಗ್ನ ನಡೀಲಿ. ಹೊಸ್ತಿಲದಾಗೂ ಹೇಳ್ಲಿ, ತುತ್ತಿನಾಗೂ ಹೇಳ್ಲಿ" ಅಂದ್ರು ಬೀಗರು.

"ಮುದುಕಿ ಒಪ್ಪಬೇಕಲ್ಲಣ್ಣ?" ಅಂದೆ ನಾ.

ಡ್ರೈವರಣ್ಣ ಆಕಿ ಕಡಿ ನೋಡಿ ಭಾಳ ಮರುಗಿದ. "ಆಕಿ ಮಾತೇನ್ ಹಿಡೀತಿ ತಂಗಿ? ಪಾಪ, ಹುಟ್ಟಿದಾಗಿಂದ ತಂಜಾವೂರು ಬಿಟ್ಟು ಎಲ್ಲೂ ಹೋದಾಕಿ ಅಲ್ಲ. ತಂಜಾವೂರ ಪದ್ಧತಿ ಆಕಿಗೇನು ಗೊತ್ತು!"