ಶಶಿಕಲಾಳ ಸೀಟಿ

ಎಲ್ಲ ಶುರುವಾದದ್ದು ವಿಜಯನಗರದ ಸೀರೆ ಅಂಗಡಿಯ ಒಂದು ಕೂಪನ್ನಿನಿಂದ. ಶಶಿಕಲಾ ಅದರ ಮೇಲೆ ಗಂಡನ ಹೆಸರು ಬರೆದು ಡಬ್ಬಕ್ಕೆ ಹಾಕಿ ಮರೆತೇಬಿಟ್ಟಿದ್ದಳು. ಬಹುಮಾನ ಬಂತು. ಗಂಡ ಹೆಂಡತಿಗೆ ಹತ್ತು ದಿನ ಥಾಯ್ಲೆಂಡು, ಹೆಸರಿದ್ದವರಿಗೆ ಹಾರುವ ತರಬೇತಿ ಬೇರೆ. ಬೆನ್ನಿಗೆ ಎಂಜಿನ್ನು, ಅದಕ್ಕೊಂದು ದೊಡ್ಡ ಫ್ಯಾನು, ತಲೆಯ ಮೇಲೆ ಶಾಮಿಯಾನದಷ್ಟು ಬಟ್ಟೆ. ಕಟ್ಟಿಕೊಂಡು ಓಡಿದರೆ ಎತ್ತಿಕೊಂಡು ಹೋಗುತ್ತದೆ. ಪ್ಯಾರಾಮೋಟರ್ ಅಂತ ಹೆಸರು.

ಕಾಂತರಾಜು ಹೆದರಲಿಲ್ಲ. ಇಪ್ಪತ್ತೆಂಟು ವರ್ಷ ಕೆಂಗೇರಿಯಿಂದ ಮಾರ್ಕೆಟ್ಟಿಗೆ ಸಿಟಿ ಬಸ್ಸು ಓಡಿಸಿ ಹೋದ ವರ್ಷ ರಿಟೈರಾದವನು. "ಮೇಲೆ ಗುಂಡಿ ಇಲ್ಲ, ಸಿಗ್ನಲ್ ಇಲ್ಲ, ಆಟೋದೋರಂತೂ ಇಲ್ವೇ ಇಲ್ಲ. ಇದೇನ್ ಮಹಾ!" ಅಂದ.

ಅವನ ಆಸೆ ಬೇರೆಯೇ ಇತ್ತು. ಆ ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ವರ್ಷ ಅವನ ಬಸ್ಸಿಗೆ ಶಶಿಕಲಾಳೇ ಕಂಡಕ್ಟರು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ರಿಟೈರಾದ ಮೇಲೆ ಬಸ್ಸು ಡಿಪೋದಲ್ಲಿ ಉಳಿಯಿತು, ಸೀಟಿ ಮಾತ್ರ ಮನೆಗೆ ಬಂತು. ಟಿವಿ ಮುಂದೆ ಕೂತವನನ್ನು ಎಬ್ಬಿಸಲು ಎರಡು, ಮೂರನೇ ಮುದ್ದೆಗೆ ಕೈಚಾಚಿದರೆ ಒಂದು. ಒಳಗಿನ ಗುಂಡು ಸವೆದು ಆ ಸೀಟಿ ಕೊನೆಯಲ್ಲಿ ಗೂರಲು ಹತ್ತಿದವರ ಹಾಗೆ ಕೆಮ್ಮುತ್ತಿತ್ತು. ಕಿವಿಗೆ ಬಿದ್ದರೆ ಸಾಕು, ಕಾಂತರಾಜುವಿನ ಕೈಕಾಲು ಅವನನ್ನು ಕೇಳದೆ ಅವಳ ಮಾತು ಕೇಳುತ್ತಿದ್ದವು.

ಬದುಕಿನಲ್ಲಿ ಒಂದೇ ಒಂದು ಸಲ, ಸೀಟಿಯಿಲ್ಲದೆ, ಬೇಕಾದ ಕಡೆ ತಿರುಗಬೇಕು. ಅದಕ್ಕೇ ಹೊರಡುವ ದಿನ ಸೀಟಿಯನ್ನು ಕದ್ದು, ಮಲ್ಲತ್ತಹಳ್ಳಿಯ ಮನೆಯ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈಹಾಕಿ ಹೂತಿಟ್ಟು ಬಂದಿದ್ದ.

ಎಂಟು ದಿನ ಬಟ್ಟೆ ಎಳೆದುಕೊಂಡು ಬಯಲಿನಲ್ಲಿ ಓಡಿದ್ದೇ ಓಡಿದ್ದು. ಒಂಬತ್ತನೆಯ ದಿನ ಬೆಳಗ್ಗೆ ಹಾರುವುದನ್ನು ಕಲಿಸುವ ಮಾಸ್ಟರು ಪ್ರಸಿತ್ ಆಕಾಶಕ್ಕೆ ಬೆರಳು ತೋರಿಸಿ "ಟುಡೇ" ಅಂದ.

"ಇರಿ ಇರಿ! ಪೂಜೆ ಇಲ್ದೆ ಹೊಸ ಗಾಡಿ ತೆಗೀತಾರಾ?" ಎಂದು ಶಶಿಕಲಾ ಎಂಜಿನ್ನಿಗೆ ಕುಂಕುಮವಿಟ್ಟು, ಫ್ಯಾನಿನ ಸುತ್ತಲಿನ ಕಂಬಿಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿದಳು. ಅವಳ ಕೈಯ ಫೋನಿನಲ್ಲಿ ಆಗಲೇ ವಿಡಿಯೋ ಕಾಲು ಶುರುವಾಗಿತ್ತು.

"ನಿಮ್ಮನೇಲೇ ಇದೀನಿ ಕಣೇ ಶಶಿ, ತುಳಸಿಗೆ ನೀರು ಹಾಕೋಕೆ ಬಂದೆ," ಎಂದಳು ಪಕ್ಕದಮನೆ ಇಂದ್ರಮ್ಮ. ಬೀಗದ ಕೈ ಅವಳ ಹತ್ತಿರವೇ ಇತ್ತು. "ಎದುರುಮನೆ ರೇವಣಸಿದ್ದಪ್ಪನೋರೂ ನೋಡ್ತೀನಿ ಅಂತ ಬಂದವ್ರೆ."

ರೇವಣಸಿದ್ದಪ್ಪ ಮೂಗನ್ನು ಫೋನಿಗೆ ತಂದರು. "ಕಾಂತರಾಜು, ರಿವರ್ಸ್ ಗೇರ್ ಎಲ್ಲಿದೆ ಅಂತ ಮೊದ್ಲು ಕೇಳ್ಕೊಳಯ್ಯ."

"ಇದಕ್ಕೆ ರಿವರ್ಸ್ ಇಲ್ಲ ಯಜಮಾನ್ರೇ."

"ರಿವರ್ಸ್ ಇಲ್ದಿರೋ ಗಾಡೀನ ಯಾವನಾದ್ರೂ ಮುಟ್ತಾನಾ? ಇಳಿಯಯ್ಯ!"

ಕಾಂತರಾಜು ಎಂಜಿನ್ನು ಚಾಲೂ ಮಾಡಿದ. ಫ್ಯಾನು ಹಾರವನ್ನು ಒಂದೇ ತುತ್ತಿಗೆ ನುಂಗಿ ಹಿಂದಕ್ಕೆ ಉಗುಳಿತು. ಹಿಂದೆ ನಿಂತಿದ್ದ ಪ್ರಸಿತ್ ಧಾರೆಗೆ ನಿಂತ ಮದುಮಗನ ಹಾಗೆ ಹೂವಿನಲ್ಲಿ ಮುಚ್ಚಿಹೋದ. ಫ್ಯಾನಿಗೆ ಸುತ್ತಿದ ದಾರ ಬಿಡಿಸಲು ಅರ್ಧ ಗಂಟೆ ಹಿಡಿಯಿತು.

ಎರಡನೆಯ ಸಲ ಬಟ್ಟೆ ಚೆನ್ನಾಗಿಯೇ ಎದ್ದಿತು. ಪಕ್ಕದಲ್ಲೇ ಓಡುತ್ತಿದ್ದ ಶಶಿಕಲಾ "ಹೋಲ್ಡಾನ್! ಲೇಸ್ ಬಿಚ್ಕೊಂಡಿದೆ ರೀ!" ಎಂದು ಕೂಗಿದಳು. ಕಾಂತರಾಜುವಿನ ಕಾಲುಗಳು ಗಕ್ಕನೆ ನಿಂತವು. ಇಡೀ ಬಟ್ಟೆ ಗಂಡ, ಹೆಂಡತಿ, ಫೋನು, ಎಲ್ಲದರ ಮೇಲೂ ಬಿತ್ತು.

"ಕತ್ತಲಾಗೋಯ್ತಲ್ಲೇ ಶಶಿ, ಅಲ್ಲೂ ಕರೆಂಟ್ ತೆಗೀತಾರಾ?" ಎಂದಳು ಒಳಗಿನಿಂದ ಇಂದ್ರಮ್ಮ.

"ನನ್ನ ಸೀಟಿ ಒಂದಿದ್ದಿದ್ರೆ ಇಷ್ಟು ಗಂಟಲು ಹರ್ಕೋಬೇಕಿತ್ತಾ? ಎಲ್ಲಿ ಹಾಳಾಗೋಯ್ತೋ!" ಎಂದಳು ಶಶಿಕಲಾ. ಕಾಂತರಾಜು ತುಂಬ ಶ್ರದ್ಧೆಯಿಂದ ಲೇಸು ಕಟ್ಟಿಕೊಳ್ಳತೊಡಗಿದ.

ಮೂರನೆಯ ಸಲ ನೆಲ ತಾನಾಗಿಯೇ ಕೆಳಗೆ ಹೋಯಿತು.

ಕೆಳಗೆ ಶಶಿಕಲಾಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಮದುವೆಯಾದ ಮೇಲೆ ಇಂಥ ಬೆಳಗು ಅವನು ಕಂಡಿರಲಿಲ್ಲ. ಹೆಲ್ಮೆಟ್ಟಿನೊಳಗಿನ ವಯರ್‌ಲೆಸ್ಸಿನಲ್ಲಿ ಪ್ರಸಿತ್ "ಲೆಫ್ಟ್, ಮಿಸ್ಟರ್ ಕಾಂತಾ, ಲೆಫ್ಟ್" ಅಂದ. ಕಾಂತರಾಜು ಬಲಕ್ಕೆ ತಿರುಗಿದ. "ಲ್ಯಾಂಡ್, ಪ್ಲೀಸ್" ಅಂದ. ಇನ್ನಷ್ಟು ಮೇಲೇರಿದ. ಕೆಳಗೆ ಗದ್ದೆ, ತೆಂಗಿನ ತೋಪು, ದೂರದಲ್ಲಿ ಕಡಲು. ಎಲ್ಲಿಯೂ ಒಂದು ಸ್ಟಾಪಿಲ್ಲ. "ಇವತ್ತು ನಂದೇ ರೂಟು!" ಎಂದು ಮೋಡಕ್ಕೆ ಕೇಳುವಂತೆ ಕೂಗಿದ. ಪ್ರಸಿತ್ ಅಳುವ ದನಿಯಲ್ಲಿ ಇನ್ನೆರಡು ಸಲ ಬೇಡಿಕೊಂಡು ಸುಮ್ಮನಾದ.

ಆಮೇಲೆ ಅದು ಬಂತು. ಕಿವಿಯೊಳಗೇ. ಉದ್ದಕ್ಕೆ ಒಂದು ಸೀಟಿ, ಕೊನೆಯಲ್ಲಿ ಕೆಮ್ಮು.

ಏನಾಯಿತೆಂದು ಯೋಚಿಸುವಷ್ಟರಲ್ಲಿ ಹೆಬ್ಬೆರಳು ಕೆಂಪು ಗುಂಡಿ ಒತ್ತಿಯಾಗಿತ್ತು. ಫ್ಯಾನು ನಿಂತಿತು. ಕೈಗಳು ದಾರ ಹಿಡಿದು, ಇಳಿಯುವ ಜಾಗದಲ್ಲಿ ನೆಟ್ಟಿದ್ದ ಕೆಂಪು ಬಾವುಟದ ಕಡೆಗೆ ನೀಟಾಗಿ ಇಳಿಸಿದವು. ಆದರೆ ಇಪ್ಪತ್ತೆಂಟು ವರ್ಷದ ರೂಢಿ ನೋಡಿ, ಬಾವುಟ ದಾಟಿ ಐವತ್ತಡಿ ಮುಂದೆ, ಮೊಣಕಾಲುದ್ದದ ಕೆಸರಿನಲ್ಲಿ ತಂದು ನಿಲ್ಲಿಸಿದವು.

ಬಸ್ಸಿನ ಹಿಂದೆ ಓಡುವ ಪ್ಯಾಸೆಂಜರುಗಳ ಹಾಗೆ ಇಬ್ಬರೂ ಓಡಿ ಬಂದರು. "ಇಲ್ಲೂ ಸ್ಟಾಪ್ ಬಿಟ್ಟು ಮುಂದೇನೇ ನಿಲ್ಸಿದ್ರಲ್ರೀ!" ಎಂದಳು ಶಶಿಕಲಾ. ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪ್ರಸಿತನ ವಯರ್‌ಲೆಸ್ಸು. ಎರಡನ್ನೂ ಬಾಯಿಗೆ ಬಾಯಿ ಕೊಟ್ಟು ಒತ್ತಿ ಹಿಡಿದಿದ್ದಳು. ಸೀಟಿ ಎಲ್ಲೂ ಕಾಣಲಿಲ್ಲ.

"ಸೀಟಿ... ಎಲ್ಲಿಂದ ಬಂತೇ?"

ಉತ್ತರ ಫೋನಿನಿಂದ ಬಂತು. "ನಿಮ್ಮನೇ ಅಕ್ಕಿ ಡಬ್ಬದಿಂದ ಕಣಣ್ಣ! ಮಕ್ಕಳ ಬಾಕ್ಸಿಗೆ ಚಿತ್ರಾನ್ನ ಮಾಡೋಣ ಅಂದ್ರೆ ಅಕ್ಕಿ ಸಾಲ್ದು. ಹೆಂಗೂ ಇಲ್ಲೇ ಇದೀನಲ್ಲ, ಎರಡು ಪಾವು ತಗೊಳಾಣ ಅಂತ ಕೈಹಾಕಿದೆ, ಸಿಕ್ಬುಡ್ತು. ಶಶಿ ಅಲ್ಲಿಂದ್ಲೇ ಊದೇ ಅಂದ್ಲು, ಊದ್ದೆ."

ಶಶಿಕಲಾ ಗಂಡನನ್ನು ನಿಧಾನವಾಗಿ ಮೇಲಿನಿಂದ ಕೆಳಗೆ ನೋಡಿದಳು. "ಅಕ್ಕಿ ಡಬ್ಬಕ್ಕೆ ಅದೇ ನಡ್ಕೊಂಡು ಹೋಯ್ತೇನ್ರೀ?"

ಪ್ರಸಿತನಿಗೆ ಮಾತ್ರ ಖುಷಿಯೋ ಖುಷಿ. ಸೀಟಿ ಊದಿದ ಕೂಡಲೇ ಇಷ್ಟು ಬೇಗ ಇಳಿದ ಶಿಷ್ಯ ಅವನಿಗೆ ಇದುವರೆಗೆ ಸಿಕ್ಕಿರಲಿಲ್ಲವಂತೆ. ತರಬೇತಿಯ ಕಾರ್ಡು ತೆಗೆದು ಅಲ್ಲೇ ಬರೆದು ಸಹಿ ಹಾಕಿದ. ಹಾರಲು ಅನುಮತಿ ಇದೆ, ಆದರೆ ಸೀಟಿ ಇದ್ದರೆ ಮಾತ್ರ.

"ನಾಳೆ ಎಷ್ಟೊತ್ತಿಗೆ ಊದ್ಬೇಕು ಹೇಳೇ ಶಶಿ," ಎಂದಳು ಇಂದ್ರಮ್ಮ. "ಬೀದಿಯೋರೆಲ್ಲ ನಂಗೊಂದ್ಸಲ, ನಂಗೊಂದ್ಸಲ ಅಂತ ಬಾಗಿಲಲ್ಲಿ ಲೈನಾಗಿ ನಿಂತವ್ರೆ. ಅಯ್ಯೋ, ಕಿತ್ಕೋಬೇಡಿ ಯಜಮಾನ್ರೇ!"

ರೇವಣಸಿದ್ದಪ್ಪ ಕಿತ್ತುಕೊಂಡೇಬಿಟ್ಟಿದ್ದರು. ಹೇಗಿದೆ ನೋಡೋಣ ಎಂದು ಎರಡು ಸಲ ಊದಿದರು.

ಬೆನ್ನ ಮೇಲಿನ ಎಂಜಿನ್ನು, ಹಿಂದೆ ಒದ್ದೆ ಬಟ್ಟೆ, ಮೊಣಕಾಲುದ್ದದ ಕೆಸರು, ಯಾವುದನ್ನೂ ಲೆಕ್ಕಿಸದೆ ಕಾಂತರಾಜುವಿನ ಕಾಲುಗಳು ಓಡಲು ಶುರುಮಾಡಿದವು.