ಐದು ಡಬ್ಬಿಗಳ ಸಾಕ್ಷ್ಯ

ನನ್ನ ನೆನಪಿನ ಮೇಲೆ ನನಗೆ ಎಂದೂ ವಿಶ್ವಾಸವಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿ ನಾನು ಕಲಿತದ್ದು ಇಷ್ಟೇ: ಸಾಕ್ಷ್ಯವಿಲ್ಲದೆ ಯಾವುದನ್ನೂ ನಂಬಬಾರದು. ಉಳಿದದ್ದೆಲ್ಲ ಮರೆತಿದೆ. ಮನೆಗೆ ಬೀಗ ಹಾಕಿ, ಗಲ್ಲಿಯ ತಿರುವಿನ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಎಳೆದು ನೋಡಿ, ಮತ್ತೆ ತಿರುವಿಗೆ ಹೋಗಿ, ಎಳೆದು ನೋಡಿದ್ದು ಇವತ್ತೋ ನಿನ್ನೆಯೋ ಎಂದು ಇನ್ನೊಮ್ಮೆ ಬರುವವನು ನಾನು. ಒಮ್ಮೆ ಮೂರು ಸಲ ಪರೀಕ್ಷಿಸಿ ಭದ್ರಪಡಿಸಿದ ಬೀಗದ ಒಳಗೆ ಹೆಂಡತಿ ಇದ್ದಳು.

ಇಂಥ ಎಚ್ಚರದ ಮನುಷ್ಯ ಒಂದು ಆಟದಲ್ಲಿ ತಪ್ಪು ಮಾಡಲು ಸಾಧ್ಯವೇ? ಸಾಧ್ಯವಿಲ್ಲ ಎಂದು ನಾನೇ ಹೇಳಿದ್ದೆ. ಬರವಣಿಗೆಯಲ್ಲಿ!

ಆಟ ನಡೆಯುತ್ತಿದ್ದದ್ದು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಆನ್‌ಲೈನ್ ಫೋರಂನಲ್ಲಿ. ಗಂಭೀರ ಚರ್ಚೆಗಾಗಿ ಹುಟ್ಟಿದ ವೇದಿಕೆ ಅದು. ಚರ್ಚೆ ಮೊದಲ ತಿಂಗಳಲ್ಲೇ ಮುಗಿಯಿತು, ಆಟ ಉಳಿಯಿತು. ಒಬ್ಬರು ಗುಟ್ಟಾಗಿ ಒಂದು ಸಂಕೇತ ಇಡಬೇಕು, ಉಳಿದವರೆಲ್ಲ ಸೇರಿ ಒಡೆಯಬೇಕು. ಮೊದಲು ಅಂಕಿಗಳಲ್ಲಿ ಆಡುತ್ತಿದ್ದೆವು. ಗುಪ್ತ ಅಂಕಿ ಹೇಳಿ ಎಂದೊಡನೆ ಹಿರಿಯ ಸದಸ್ಯರೊಬ್ಬರು ಗಾಬರಿಯಾಗಿ ಬ್ಯಾಂಕಿಗೆ ಓಡಿದ್ದರಿಂದ ಕಾಳುಗಳಿಗೆ ಬಂದೆವು. ತೊಗರಿ, ಕಡಲೆ, ಹೆಸರು, ಉದ್ದು, ಅಲಸಂದೆ. ಈ ಐದನ್ನು ಒಬ್ಬರು ಮನಸ್ಸಿಗೆ ಬಂದ ಕ್ರಮದಲ್ಲಿ ಸಾಲಾಗಿ ಇಡುತ್ತಾರೆ. ಉಳಿದವರು ಚರ್ಚಿಸಿ ದಿನಕ್ಕೊಂದು ಊಹೆ ಮಾಡುತ್ತಾರೆ. ಎಷ್ಟು ಕಾಳು ತಮ್ಮ ಜಾಗದಲ್ಲೇ ಇವೆ ಎಂಬುದನ್ನಷ್ಟೇ ಸಾಲು ಇಟ್ಟವರು ಹೇಳಬೇಕು. ಎರಡು ಸರಿಯಿದ್ದರೆ 'ಎರಡು ಗಟ್ಟಿ'. ಐದೂ ಗಟ್ಟಿಯಾದರೆ ಸಾಲು ಒಡೆಯಿತು. ಎಂಟು ದಿನದಲ್ಲಿ ಒಡೆಯದಿದ್ದರೆ ಇಟ್ಟವರು ಗೆದ್ದರು.

ಭಾಲ್ಕಿಯ ಸ್ಯಾಮುವೆಲ್ ಮಾಸ್ತರ್ ಈ ಆಟದ ರಾಜ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ, ಆಮೇಲೆ ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಪ್ರತಿ ಭಾನುವಾರ ಚರ್ಚಿನಿಂದ ಬಂದೊಡನೆ ನನಗೆ ಫೋನ್ ಮಾಡುತ್ತಿದ್ದ. ವಿಶೇಷ ವಿಷಯವೇನೂ ಇರುತ್ತಿರಲಿಲ್ಲ. ಮೂವತ್ತು ವರ್ಷದಿಂದ ಇರಲಿಲ್ಲ. ಆದರೂ ಒಂದು ಗಂಟೆ ಸಾಲುತ್ತಿರಲಿಲ್ಲ.

ಈ ಸ್ಯಾಮುವೆಲ್ ಒಂದು ಸಲ ಸಾಲು ಇಟ್ಟ. ನಾವು ಸೋತೆವು. ಕೊನೆಗೆ ಅವನು ಸಾಲನ್ನು ಬಿಚ್ಚಿಟ್ಟಾಗ ನಾನು ಹಳೆಯ ಉತ್ತರಗಳನ್ನೆಲ್ಲ ತಾಳೆ ನೋಡಿದೆ. ಐದನೆಯ ದಿನ ಅವನು 'ಮೂರು ಗಟ್ಟಿ' ಎಂದಿದ್ದ. ಆಗಬೇಕಾದದ್ದು ಎರಡು!

ಬೇರೆಯವರಾಗಿದ್ದರೆ 'ಮಾಸ್ತರ್, ಅಲ್ಲೊಂದು ತಪ್ಪಿದೆ' ಎನ್ನುತ್ತಿದ್ದರು. ನಾನು ನಾಲ್ಕು ಪ್ಯಾರಾ ಬರೆದೆ. 'ನೆನಪು ಎಂಬ ಸುಳ್ಳು ಸಾಕ್ಷಿ' ಎಂದು ತಲೆಬರಹ ಕೊಟ್ಟೆ. ವಯಸ್ಸಾದಂತೆ ಸ್ಮೃತಿ ಹೇಗೆ ಸವೆಯುತ್ತದೆ ಎಂದು ಎರಡನೆಯ ಪ್ಯಾರಾದಲ್ಲಿ ವಿವರಿಸಿದೆ. ಮೂರನೆಯದರಲ್ಲಿ ಉದಾಹರಣೆಗೆ ಗಣಿತ ಮಾಸ್ತರರನ್ನೇ ತೆಗೆದುಕೊಂಡೆ. ಸ್ಯಾಮುವೆಲ್ ಒಂದೇ ಸಾಲು ಉತ್ತರಿಸಿದ: "ಆಯ್ತು ಬಿಡ್ರಿ."

ನನಗೆ ಅವನು ಎಂದೂ 'ರಿ' ಹಚ್ಚಿದವನಲ್ಲ. ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾಲ್ಕನೆಯ ಭಾನುವಾರ ಹೆಂಡತಿ ಮಹಾದೇವಿ ಕೇಳಿದಳು.

"ಯಾಕ್ರಿ, ಮಾಸ್ತರ್ರು ಸಿಟ್ಟಾಗ್ಯಾರೇನು? ನೀವೇ ಹಚ್ಚಿ ಮಾತಾಡ್ರಿ."

"ತಪ್ಪು ಅವನದು."

"ತಪ್ಪು ಯಾರದರೆ ಇರ್ಲಿ, ಫೋನು ನಿಮ್ಮ ಕೈಯಾಗೇ ಅದ ಅಲ್ಲ?"

ಆದರೆ ನನಗೆ ಬೇಕಾದದ್ದು ಬರೀ ಸ್ಯಾಮುವೆಲ್ ಅಲ್ಲ. ನನ್ನ ನಾಲ್ಕು ಪ್ಯಾರಾ ಸರಿ ಎಂದು ಒಪ್ಪಿದ ಸ್ಯಾಮುವೆಲ್. ಹಾಗಾಗಿ ಫೋರಂನಲ್ಲಿ ಘೋಷಿಸಿದೆ: "ಮುಂದಿನ ಸಾಲು ನಾನು ಇಡುತ್ತೇನೆ. ನೆನಪನ್ನು ಅವಲಂಬಿಸುವುದಿಲ್ಲ. ಪ್ರತಿ ಉತ್ತರವನ್ನೂ ಕಣ್ಣಾರೆ ನೋಡಿಯೇ ಕೊಡುತ್ತೇನೆ. ಒಂದೇ ಒಂದು ಉತ್ತರ ತಪ್ಪಿದರೂ ಭಾಲ್ಕಿಗೆ ಹೋಗಿ, ಸ್ಯಾಮುವೆಲ್ ಮಾಸ್ತರರ ಎದುರು ಕೂತು, ನಾಲ್ಕು ಪ್ಯಾರಾಕ್ಕೂ ಪ್ರತ್ಯೇಕವಾಗಿ ಕ್ಷಮೆ ಕೇಳುತ್ತೇನೆ."

ಯಾರೂ ಇದನ್ನು ನನ್ನಿಂದ ಕೇಳಿರಲಿಲ್ಲ.

ಸಾಲನ್ನು ಎಲ್ಲಿ ಇಡುವುದು? ಚೀಟಿಯಲ್ಲಿ ಬರೆದರೆ ಚೀಟಿ ಎಲ್ಲಿಟ್ಟೆ ಎಂಬುದು ನೆನಪಿರಬೇಕು. ಮೊಬೈಲಿನಲ್ಲಿ ಬರೆದರೆ ಅದನ್ನು ಔರಾದಿನ ನನ್ನ ಭಾವಮೈದುನ ಸಿದ್ರಾಮ ನೋಡಿಬಿಡಬಹುದು. ಮಹಾದೇವಿಯ ತಮ್ಮ, ಔಷಧ ಅಂಗಡಿಯವನು, ಫೋರಂನ ಉತ್ಸಾಹಿ ಆಟಗಾರ. ಬೀದರಿಗೆ ಬಂದಾಗಲೆಲ್ಲ ನನ್ನ ಮೊಬೈಲ್ ತಗೊಂಡು 'ಭಾವ, ಇದು ಬಾಳ ಸ್ಲೋ ಆಗ್ಯದ' ಎಂದು ರಿಪೇರಿ ಮಾಡುತ್ತಾನೆ. ಆಗ ಅಡುಗೆಮನೆಯ ಹಲಗೆ ಕಣ್ಣಿಗೆ ಬಿತ್ತು. ಒಂದೇ ಅಳತೆಯ ಐದು ಸ್ಟೀಲ್ ಡಬ್ಬಿ. ಮೇಲೆ ಹೆಸರಿಲ್ಲ, ಗುರುತಿಲ್ಲ. ಒಳಗೆ ಅದೇ ಐದು ಕಾಳು! ಅವುಗಳನ್ನೇ ನನ್ನ ಸಂಕೇತದ ಕ್ರಮದಲ್ಲಿ ಜೋಡಿಸಿಟ್ಟರೆ ಮುಗಿಯಿತು. ಕದಿಯುವ ಹಾಗಿಲ್ಲ, ಕಳೆಯುವ ಹಾಗಿಲ್ಲ. ಮುಚ್ಚಳ ತೆಗೆದರೆ ಸತ್ಯ.

ಮಹಾದೇವಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಡಬ್ಬಿಗಳನ್ನು ಸರಿಸಿದೆ. ಎಡದಿಂದ ಉದ್ದು, ಅಲಸಂದೆ, ತೊಗರಿ, ಹೆಸರು, ಕಡಲೆ. ಅವಳಿಗೆ ಹೇಳಲಿಲ್ಲ. ದಿನಾ ಮಧ್ಯಾಹ್ನ ತಮ್ಮನಿಗೆ ಫೋನ್ ಮಾಡಿ ಮನೆಯ ಸಮಾಚಾರವನ್ನೆಲ್ಲ ಒಪ್ಪಿಸುವ ಹೆಣ್ಣುಮಗಳಿಗೆ ಗುಟ್ಟು ಹೇಳುವುದು ತರ್ಕಕ್ಕೆ ವಿರುದ್ಧ.

ಮೊದಲ ದಿನದ ಊಹೆ ಬಂತು. ಅಡುಗೆಮನೆಗೆ ಹೋಗಿ ಐದೂ ಮುಚ್ಚಳ ತೆಗೆದು ನೋಡಿ 'ಒಂದು ಗಟ್ಟಿ' ಎಂದು ಬರೆದೆ. ಎರಡನೆಯ ದಿನವೂ ಹಾಗೆಯೇ ನೋಡಿ 'ಎರಡು ಗಟ್ಟಿ' ಎಂದೆ. ಮನಸ್ಸಿನಲ್ಲಿ ಐದನೆಯ ಪ್ಯಾರಾ ರೂಪುಗೊಳ್ಳುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಕುಕ್ಕರ್ ಕೂಗಲಿಲ್ಲ. ಬುಸ್ ಎಂದಿತು. ಮಹಾದೇವಿ ಮುಚ್ಚಳ ಬಿಚ್ಚಿ ಒಳಗೆ ನೋಡಿದಳು. ತೊಗರಿ ಬೇಳೆ ಇರಬೇಕಾದ ಕಡೆ ಉದ್ದಿನ ಬೇಳೆ ಬೆಂದು, ಪೋಸ್ಟರ್ ಅಂಟಿಸುವ ಗೋಂದಿನ ಹಾಗೆ ಕೂತಿತ್ತು.

"ರೀ, ಡಬ್ಬಿ ಯಾರು ಸರಿಸ್ಯಾರ್ರಿ?"

ನಾನು ಪತ್ರಿಕೆ ಓದುತ್ತಿದ್ದೆ. "ನನಗೇನು ಗೊತ್ತು?"

"ಮನ್ಯಾಗ ಇರೋರು ಇಬ್ಬರು. ನಾ ಸರಿಸಿಲ್ಲ."

"ಹಾಗೆಂದು ನಿನಗೆ ನೆನಪಿದೆ, ಅಷ್ಟೇ. ನೆನಪು ಸಾಕ್ಷ್ಯವಲ್ಲ."

ಆಕೆ ಊಟಕ್ಕೆ ಆ ಗೋಂದನ್ನೇ ಬಡಿಸಿದಳು. ಅಷ್ಟಕ್ಕೆ ಪ್ರಕರಣ ಮುಕ್ತಾಯವಾಯಿತೆಂದು ನಾನು ತಿಳಿದೆ. ಊಟಕ್ಕೆ ಮೊದಲೇ ಡಬ್ಬಿಗಳನ್ನು ತನ್ನ ಕ್ರಮಕ್ಕೆ ಮರಳಿ ಜೋಡಿಸಿದ್ದಳು ಎಂಬುದು ನನಗೆ ತಿಳಿಯಲಿಲ್ಲ.

ಸಂಜೆ ಖಟಕ ಚಿಂಚೋಳಿ ದವಾಖಾನೆಯ ನರ್ಸ್ ನಿರ್ಮಲಾ ಸಿಸ್ಟರ್ ಎಲ್ಲರ ಪರವಾಗಿ ಮೂರನೆಯ ಊಹೆ ಹಾಕಿದರು: ಉದ್ದು, ಅಲಸಂದೆ, ತೊಗರಿ, ಹೆಸರು, ಕಡಲೆ.

ಇದೇ ಅಲ್ಲವೇ? ಒಡೆದೇ ಬಿಟ್ಟರಲ್ಲ! ಉದ್ದನ್ನು ಎತ್ತಿ ಮೊದಲಿಗೆ ಇಟ್ಟದ್ದು, ಅಲಸಂದೆಯ ಡಬ್ಬಿ ಹಲಗೆಗೆ ತಾಗಿ ಟಣ್ ಎಂದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಆದರೂ ನಿಯಮ ನಿಯಮವೇ. ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದೆ. ತೊಗರಿ. ಕಡಲೆ. ಹೆಸರು. ಉದ್ದು. ಅಲಸಂದೆ. ಒಂದೂ ಜಾಗದಲ್ಲಿಲ್ಲ!

ಹಲಗೆಯ ಮುಂದೆ ಹತ್ತು ನಿಮಿಷ ನಿಂತೆ. ಒಂದು ಕಡೆ ನನ್ನ ನೆನಪು, ಇನ್ನೊಂದು ಕಡೆ ಕಣ್ಣೆದುರಿನ ಸಾಕ್ಷ್ಯ. ಬೇರೆ ಯಾರಾದರೂ 'ಹೆಂಡತಿ ಸರಿಸಿರಬೇಕು' ಎಂದುಕೊಳ್ಳುತ್ತಿದ್ದರು. ನಾನು ಎರಡು ವರ್ಷ ತರ್ಕಶಾಸ್ತ್ರ ಓದಿದವನು. ನೆನಪು ಎಷ್ಟು ಸ್ಪಷ್ಟವಾಗಿದ್ದರೆ ಅಷ್ಟು ಅನುಮಾನಾಸ್ಪದ ಎಂದು ನಾನೇ ಬರೆದಿದ್ದೆ. ಎರಡನೆಯ ಪ್ಯಾರಾದಲ್ಲಿ! ಫೋರಂಗೆ ಹೋಗಿ ಬರೆದೆ: 'ಸೊನ್ನೆ.'

"ಸರ್, ಇನ್ನೊಮ್ಮೆ ನೋಡ್ರಿ," ಎಂದರು ನಿರ್ಮಲಾ ಸಿಸ್ಟರ್. "ಕಣ್ಣಾರೆ ನೋಡಿದ್ದೇನೆ," ಎಂದೆ.

ನಾಲ್ಕನೆಯ ದಿನ ಅವರು ಅನುಮಾನಿಸುತ್ತಲೇ ಇನ್ನೊಂದು ಸಾಲು ಹಾಕಿದರು: ತೊಗರಿ, ಕಡಲೆ, ಹೆಸರು, ಅಲಸಂದೆ, ಉದ್ದು. ಮುಚ್ಚಳ ತೆಗೆದು ನೋಡಿ 'ಮೂರು ಗಟ್ಟಿ' ಎಂದೆ. ಆಮೇಲೆ, ಒಂದು ತಿಂಗಳ ಮೌನದ ನಂತರ, ಸ್ಯಾಮುವೆಲ್ ಬಂದ. ಜೊತೆಗೆ ತನ್ನ ನೋಟ್‌ಬುಕ್ಕಿನ ಫೋಟೋ ಹಾಕಿದ್ದ. ಪುಟದ ತುಂಬ ಸಾಲುಗಳು, ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದಿತ್ತು.

"ಐದು ಕಾಳಿಗಿ ನೂರಾ ಇಪ್ಪತ್ತು ಸಾಲು ಆಗ್ತಾವ. ಅಷ್ಟೂ ಬರದೇನಿ. ನಿನ್ನಿ ಮಟ ಎರಡು ಉಳದಿದ್ವು. ಇವತ್ತಿನ ಉತ್ತರಕ್ಕ ಅವೂ ಹೋದ್ವು. ಸರ್ ಇಟ್ಟ ಸಾಲು ಭೂಮಿ ಮ್ಯಾಲ ಇಲ್ಲ."

'ರಿ' ಹೋಗಿ ಈಗ 'ಸರ್' ಬಂದಿತ್ತು. ಆದರೂ ಬರೆದೆ: "ನನ್ನ ಸಾಕ್ಷ್ಯ ಭದ್ರವಾಗಿದೆ. ಅದು ಅಲುಗಾಡುವ ವಸ್ತುವಲ್ಲ."

ಎರಡೇ ನಿಮಿಷಕ್ಕೆ ಔರಾದಿನಿಂದ ಸಿದ್ರಾಮ ಬಂದ.

"ಭಾವ, ಅದೇನು ಡಬ್ಬಿ ಏನ್ರಿ? ಅಕ್ಕ ಈಗ ಫೋನ್ ಮಾಡಿದ್ಳು. 'ನಿಮ್ಮ ಭಾವಗ ಏನೋ ಆಗ್ಯದ, ನಾಕು ದಿನದಿಂದ ಕಾಳಿನ ಡಬ್ಬಿ ಮುಚ್ಚಳಾ ತೆಗದು ತೆಗದು ನೋಡ್ಲತ್ತಾರ, ಒಂದು ಗುಳಿಗಿ ಕಳಸು' ಅಂದ್ಳು. ಇವತ್ತಿನ ಸಾಲಿನ್ಯಾಗ ಕಡೀ ಎರಡು ಅದಲಿ ಬದಲಿ ಮಾಡ್ರಿ. ತೊಗರಿ, ಕಡ್ಲಿ, ಹೆಸರು, ಉದ್ದು, ಅಲಸಂದಿ. ಮೂರು ಗಟ್ಟಿ ಬರಾಬರ್ ಕೂಡ್ತದ. ಇದು ಔರಾದದಾಗ ನಮ್ಮ ಅವ್ವನ ಅಡಗಿ ಮನಿ ಹಲಗಿ ಮ್ಯಾಲಿನ ಸಾಲ್ರಿ! ಅಕ್ಕ ಲಗ್ನ ಆಗಿ ಹೋಗುವಾಗ ಹಂಗೇ ಒಯ್ದಾಳ. ನಮ್ಮ ಮನ್ಯಾಗ ಕಣ್ಣು ಮುಚ್ಚಿ ಕೈ ಹಾಕಿದ್ರೂ ಮೊದಲ ಡಬ್ಬ್ಯಾಗ ತೊಗರಿನೇ ಸಿಗ್ತದ."

ಅಡುಗೆಮನೆಗೆ ಹೋದೆ.

"ಮಹಾದೇವಿ, ಡಬ್ಬಿ ನೀನು ಸರಿಸಿದೆಯಾ?"

"ನಾ ಸರಿಸಿಲ್ಲ," ಎಂದಳು ಆಕೆ ರೊಟ್ಟಿ ಬಡಿಯುತ್ತ. "ಇದ್ದ ಜಾಗಕ್ಕ ಇಟ್ಟೇನಿ. ಸರಿಸಿದವರು ಬ್ಯಾರೆ ಅದಾರ. ಅವರಿಗಿ ನೆನಪಿಲ್ಲಂತ."

ನಾನು ಮೊದಲು ಇಟ್ಟ ಸಾಲನ್ನು ಫೋರಂನಲ್ಲಿ ಒಪ್ಪಿಸಿದೆ. ಸ್ಯಾಮುವೆಲ್ ತೀರ್ಪು ಬರೆದ: ಮೊದಲೆರಡು ಉತ್ತರ ಒಂದು ಸಾಲಿನವು, ಕಡೆಯ ಎರಡು ಇನ್ನೊಂದರವು. ಮೊದಲನೆಯ ಸಾಲನ್ನು ಮೂರನೆಯ ದಿನವೇ ಸಿಸ್ಟರ್ ಒಡೆದಿದ್ದಾರೆ. ಸರ್ ಅದಕ್ಕೆ ಸೊನ್ನೆ ಕೊಟ್ಟಿದ್ದಾರೆ. ಸಿದ್ರಾಮ ಎರಡನೆಯದನ್ನೂ ಒಡೆದಿದ್ದಾನೆ. ಒಂದೇ ಆಟದಲ್ಲಿ ಎರಡು ಸಲ ಸೋತವರು ಈ ಫೋರಂನಲ್ಲಿ ಇವರೇ ಮೊದಲಿಗರು.

ಭಾನುವಾರ ಭಾಲ್ಕಿಯ ಬಸ್ ಹತ್ತಿದೆ. ಹೊರಡುವಾಗ ಮಹಾದೇವಿ ಬಾಗಿಲಿಗೆ ಬಂದು, ಬರುವಾಗ ಎರಡು ಕಿಲೋ ಬೇಳೆ ತರಲು ಹೇಳಿ, ಬೀಗ ತಾನೇ ಹಾಕಿಕೊಂಡಳು. ಒಳಗಿನಿಂದ.

ಸ್ಯಾಮುವೆಲ್ ಚರ್ಚಿನಿಂದ ಆಗಷ್ಟೇ ಬಂದಿದ್ದ. ನಾನು ಎದುರು ಕೂತು, ಜೇಬಿನಿಂದ ಕಾಗದ ತೆಗೆದು ಮೊದಲನೆಯ ಪ್ಯಾರಾಕ್ಕೆ ಕ್ಷಮೆ ಕೇಳಲು ಶುರು ಮಾಡಿದೆ.

"ಅದನ್ನೂ ಬರಕೊಂಡು ಬಂದಿ ಏನು?" ಎಂದ. 'ಸರ್' ಬಿಟ್ಟಿದ್ದ. ನನಗೆ ಅರ್ಧ ಜೀವ ಬಂತು. "ಕೇಳು. ನಾ ಆವತ್ತ ತಪ್ಪಿದ್ದು ಖರೇನೇ. ಎರಡು ಬರೀಬೇಕಿತ್ತು, ಮೂರು ಬರದೆ. ಆದ್ರ ನೆನಪು ಬರಾಬರ್ ಇತ್ತು. ಕಣ್ಣು ಇರಲಿಲ್ಲ. ಆವತ್ತೇ ಮುಂಜಾನಿ ಆಪರೇಷನ್ ಆಗಿತ್ತು, ಪೊರೆದ್ದು. ಒಂದು ಕಣ್ಣಿಗಿ ಪಟ್ಟಿ, ಇನ್ನೊಂದ್ರಾಗ ನೀರು. ನೀವೆಲ್ಲ ಉತ್ತರಕ್ಕ ಕಾಯ್ತೀರಿ ಅಂತ ಹಂಗೇ ನೋಡಿ ಬರದೆ."

"ಅಯ್ಯೋ! ನನಗೆ ಒಂದು ಮಾತು ಹೇಳಬಾರದಿತ್ತೇ?"

ಸ್ಯಾಮುವೆಲ್ ಚಹದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ.

"ಹೇಳಿದ್ದೆನಲ್ಲೋ. ಆಪರೇಷನ್ನಿನ ಹಿಂದಿನ ಭಾನುವಾರ. ಫೋನಿನ್ಯಾಗ. 'ಬರ್ತೇನಿ, ದವಾಖಾನ್ಯಾಗ ನಿನ್ನ ಸಂಗಾಟ ಕೂಡ್ತೇನಿ' ಅಂತ ನೀನೇ ಅಂದಿದ್ದಿ."

ನನಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಒಂದು ಅಕ್ಷರ ಸಿಗಲಿಲ್ಲ. ಸಾಕ್ಷ್ಯ ಕೇಳಲು ಬಾಯಿ ತೆರೆದೆ. ಅವನ ಕಣ್ಣು ನೋಡಿ ಮುಚ್ಚಿದೆ. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟು, ಅದರಲ್ಲಿ ಬರೆಯದೇ ಇದ್ದ ಐದನೆಯ ಕ್ಷಮೆಯನ್ನು ಮೊದಲು ಕೇಳಿದೆ.

"ಆಯ್ತು ಬಿಡೋ," ಎಂದ ಸ್ಯಾಮುವೆಲ್. "ಜೀವನದಾಗ ಒಮ್ಮೆ ನಿನ್ನ ನೆನಪು ಸರಿ ಇತ್ತು. ಅದಕ್ಕ ಸೊನ್ನಿ ಕೊಟ್ಟಿ. ಇನ್ನ ಮುಂದ ಜರಾ ನಂಬು ಅದನ್ನ."

ನಂಬಿದೆ. ವಾಪಸು ಬರುವಾಗ ಭಾಲ್ಕಿಯ ಅಂಗಡಿಯಲ್ಲಿ ಎರಡು ಕಿಲೋ ಕಡಲೆ ಬೇಳೆ ಕೊಂಡೆ. ಮಹಾದೇವಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಲಿಲ್ಲ. ಆಕೆ ಬಾಗಿಲಲ್ಲಿ ನಿಂತು 'ಕಡ್ಲಿ' ಎಂದದ್ದು ಕಣ್ಣಿಗೆ ಕಟ್ಟಿದಂತಿತ್ತು.

ಆಕೆ ಹೇಳಿದ್ದು ಉದ್ದು.

ಭಾನುವಾರದ ಫೋನ್ ಮತ್ತೆ ಶುರುವಾಗಿದೆ. ಸ್ಯಾಮುವೆಲ್ ಹೇಳಿದ್ದನ್ನೆಲ್ಲ ಈಗ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪುಸ್ತಕ ಎಲ್ಲಿದೆ ಎಂಬುದು ಮಹಾದೇವಿಗೆ ಗೊತ್ತಿರುತ್ತದೆ. ನಮ್ಮ ಹಲಗೆಯ ಮೇಲೆ ನಾಲ್ಕನೆಯ ಡಬ್ಬಿ, ಉದ್ದಿನದು, ಖಾಲಿಯಂತೆ, ಎರಡನೆಯದರಲ್ಲಿ ಕಡಲೆ ತುಂಬಿ ಮುಚ್ಚಳ ಕೂರುತ್ತಿಲ್ಲವಂತೆ. ನಾನು ಕಣ್ಣಾರೆ ಕಂಡಿಲ್ಲ. ಅಡುಗೆಮನೆಗೆ ನನಗೆ ಪ್ರವೇಶವಿಲ್ಲ. ಆಕೆ ಹೇಳಿದಳು, ನಂಬಿದ್ದೇನೆ.