ಭಾವನ ಕಾರಿಗೆ ಗ್ಲಾಸು ಕೂರಿಸಿದ್ದು

ಮಂಗಳೂರಿನಲ್ಲಿ ಒಂದು ಕೆಲಸ ಕೆಡಬೇಕಾದರೆ ಕೆಟ್ಟ ಕೆಲಸಗಾರರೇ ಬೇಕೆಂದಿಲ್ಲ. ಒಳ್ಳೆಯವರೇ ನಾಲ್ಕು ಜನ ಸೇರಿ ನಾಲ್ಕು ಭಾಷೆಯಲ್ಲಿ ಮಾತಾಡಿದರೆ ಸಾಕು. ಮನೆಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ ಮತ್ತು ಬ್ಯಾರಿ, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಹೀಗಿರುವಾಗ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಆದರೆ ನನ್ನ ಭಾವ ಕಾರು ಕಟ್ಟಲು ಹೊರಟಾಗ ಆದಷ್ಟು ಮಾತ್ರ ಹಿಂದೆ ಆದದ್ದಿಲ್ಲ, ಮುಂದೆ ಆಗುವುದೂ ಬೇಡ.

ಇದು ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಲ್ಮಠದ ಒಂದು ಆಫೀಸಿನಲ್ಲಿ ಟೈಪಿಸ್ಟ್. ವಾಸ ಕಂಕನಾಡಿಯ ಅಕ್ಕನ ಮನೆಯಲ್ಲಿ. ಭಾವ ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರ್. ವಿದೇಶದಲ್ಲಿ ಜನ ಪೆಟ್ಟಿಗೆಯಲ್ಲಿ ಬಿಡಿಭಾಗ ತರಿಸಿ ಮನೆಯಲ್ಲೇ ಕಾರು ಜೋಡಿಸುತ್ತಾರೆಂದು ಅವರು ಎಲ್ಲಿಯೋ ಓದಿದ್ದರು. ನಮಗೆ ಪೆಟ್ಟಿಗೆ ಎಲ್ಲಿಂದ ಬರಬೇಕು? ಗುಜರಿಯಿಂದ ಇಂಜಿನು ಮತ್ತು ಚಕ್ರ ಬಂದವು. ಹಲಸಿನ ಮರದ ಚೌಕಟ್ಟಿಗೆ ತಗಡು ಹೊಡೆದದ್ದಾಯಿತು. ಅಂಗಳದ ನಡುವೆ ಕಾರು ಎದ್ದು ನಿಂತಿತು, ಇಂಜಿನು ಕೂಡ ಕೆಮ್ಮಿ ಕೆಮ್ಮಿ ಶುರುವಾಯಿತು. ಬಾಕಿ ಉಳಿದದ್ದು ಎದುರಿನ ಗ್ಲಾಸು ಒಂದೇ.

ಅಷ್ಟರಲ್ಲಿ ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಯಿತು. ಚಪ್ಪರ ಹಾಕಲು ಇದ್ದದ್ದು ಅದೊಂದೇ ಅಂಗಳ. ಅಕ್ಕ ಸೌಟು ಹಿಡಿದುಕೊಂಡೇ ಬಂದು ಹೇಳಿದಳು:

"ನೋಡಿ, ಚಪ್ಪರದವರು ಬರುವುದರೊಳಗೆ ಇದು ತನ್ನ ಕಾಲಲ್ಲಿ ಹೊರಗೆ ಹೋದರೆ ಕಾರು. ಇಲ್ಲದಿದ್ದರೆ ಗುಜರಿ. ನಾನೇ ಜನ ಕರೆಸಿ ಹೊರಿಸ್ತೇನೆ."

ಅಕ್ಕ ಹೇಳಿದರೆ ಹೇಳಿದ ಹಾಗೆ ಮಾಡುವವಳು. ಭಾವನ ಮುಖ ಬಾಡಿತು. ಗ್ಲಾಸಿಲ್ಲದೆ ಕಾರು ಪಾಸಾಗುವುದಿಲ್ಲ, ಪಾಸಾಗದೆ ರಸ್ತೆಗೆ ಇಳಿಯುವ ಹಾಗಿಲ್ಲ.

ಎದುರಿನ ಕನ್ನಡಿ

ಕಂಕನಾಡಿ ಮಾರ್ಕೆಟಿನ ಬಳಿ ಗ್ಲಾಸಿನ ಅಂಗಡಿ ಇಟ್ಟಿದ್ದ ಒಬ್ಬರು ಬ್ಯಾರಿ ಸಾಹೇಬರಿದ್ದರು. ಮೂಲ ಉಳ್ಳಾಲದವರು. ಫೋಟೋಕ್ಕೆ ಕಟ್ಟು ಹಾಕುವುದರಿಂದ ಹಿಡಿದು ಸೆಲೂನಿನ ಗೋಡೆಯವರೆಗೆ ಎಲ್ಲದಕ್ಕೂ ಅವರೇ. ಭಾವ ಅವರ ಕೈಗೆ ಅಳತೆಯ ಕಡ್ಡಿ ಕೊಟ್ಟು, "ಕಾರಿಗೆ ಎದುರಿನ ಕನ್ನಡಿ ಬೇಕು, ಒಳ್ಳೆ ದಪ್ಪದ್ದು" ಎಂದು ಹೇಳಿ ಬಂದರು. ನಮ್ಮಲ್ಲಿ ಕಿಟಕಿಯದ್ದೂ ಕನ್ನಡಿ, ಮುಖ ನೋಡುವುದೂ ಕನ್ನಡಿ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೇಳಿದ ದಿನ ಹೋದೆವು. ಸಾಹೇಬರು ಗೋಣಿ ಸರಿಸಿದರು. ಒಳಗಿನಿಂದ ಭಾವನೂ ನಾನೂ ನಮ್ಮನ್ನೇ ದಿಟ್ಟಿಸಿ ನೋಡುತ್ತಾ ನಿಂತಿದ್ದೆವು.

"ಸಾಹೇಬ್ರೆ, ಇದೆಂತ? ಇದರಲ್ಲಿ ನನ್ನ ಮುಖ ಕಾಣ್ತದೆ!"

"ಮತ್ತೆ ಯಾರ ಮುಖ ಕಾಣಬೇಕಿತ್ತು ನಿಮಗೆ?"

"ಮುಖ ಅಲ್ಲ ಮಾರಾಯ್ರೆ, ರಸ್ತೆ! ನನಗೆ ರಸ್ತೆ ಕಾಣಬೇಕು!"

"ಕಾಣ್ತದಲ್ಲ, ಹಿಂದಿನ ರಸ್ತೆ ಪೂರ್ತಿ ಕಾಣ್ತದೆ. ನಾನೂ ಯೋಚನೆ ಮಾಡಿದೆ, ಇಷ್ಟು ದೊಡ್ಡದು ಎಂತಕ್ಕೆ ಅಂತ. ಮದುವೆ ಮನೆ, ಮದುಮಗಳು ಕೂತುಕೊಳ್ಳುವ ಕಾರು, ಇರಲಿ ಅಂತ ಪಾದರಸ ಹಾಕಿಸಿದೆ."

ಅರ್ಧ ಗಂಟೆ ವಾದವಾಯಿತು. ಭಾವ ಹೇಳಿದ್ದೂ ಸರಿ, ಅವರು ಕೇಳಿಸಿಕೊಂಡದ್ದೂ ಸರಿ. ಯಾರ ಪಕ್ಷ ವಹಿಸಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ಸಾಹೇಬರು, "ಕನ್ನಡಿ ಅಂದದ್ದು ನೀವು. ಗ್ಲಾಸು ಅಂತ ಒಂದು ಮಾತು ಹೇಳಿದ್ರೆ ಗ್ಲಾಸೇ ಕೊಡ್ತಿದ್ದೆ" ಎಂದರು.

ಭಾವ ಸೋತು ಕೂತರು. "ಆಯ್ತು ಸಾಹೇಬ್ರೆ. ಗ್ಲಾಸೇ ಕೊಡಿ."

ಸಾಹೇಬರು ಪಕ್ಕದ ಹೋಟೆಲಿನ ಕಡೆ ತಿರುಗಿ "ಎರಡು ಗ್ಲಾಸು!" ಎಂದು ಕೂಗಿದರು. ಚಾ ಬಂತು.

ಅಂಚಿ, ಇಂಚಿ

ಸಾಹೇಬರು ಒಳ್ಳೆಯ ಮನುಷ್ಯ. ಹಳೆಯ ಬಸ್ಸೊಂದರ ಎದುರಿನ ಗ್ಲಾಸನ್ನು ನಮ್ಮ ಅಳತೆಗೆ ಕೊರೆದು ಕೊಟ್ಟರು. ಮನೆಗೆ ತಂದು ಇಟ್ಟು ನೋಡಿದರೆ ಹಲಸಿನ ಮರದ ಚೌಕಟ್ಟು ಒಂದು ಕಡೆ ಕೂದಲೆಳೆಯಷ್ಟು ಬಿಗಿ. ಅದನ್ನು ಕೆತ್ತಲು ಒಬ್ಬ ಆಚಾರಿಯನ್ನು ಕರೆಸಿದೆವು. ಕೆಲಸ ಚಿನ್ನದಂಥದ್ದು. ಆದರೆ ಅವನು ಘಟ್ಟದ ಮೇಲಿನವನು, ನಮ್ಮೂರಿಗೆ ಬಂದು ತಿಂಗಳೂ ಆಗಿರಲಿಲ್ಲ. ತುಳು ಒಂದಕ್ಷರ ಬಾರದು.

ಅವನು ಎಡಗಡೆ ಉಳಿ ಹಿಡಿದು ನಿಂತ. ನಾನು ಹೊರಗಿನಿಂದ ಗ್ಲಾಸು ಹಿಡಿದೆ. ಭಾವ ಒಳಗೆ ಕೂತು ಕಣ್ಣು ಸಣ್ಣ ಮಾಡಿ ನೋಡುತ್ತಾ, ನನಗೆ ಹೇಳಿದರು: "ಒಂತೆ ಅಂಚಿ... ಒಂತೆ ಇಂಚಿ..." ತುಳುವಿನಲ್ಲಿ ಅಂಚಿ ಎಂದರೆ ಆಚೆ, ಇಂಚಿ ಎಂದರೆ ಈಚೆ, ಒಂತೆ ಎಂದರೆ ಸ್ವಲ್ಪ. ನಾನು ಸ್ವಲ್ಪ ಆಚೆ ಸರಿಸಿದೆ, ಸ್ವಲ್ಪ ಈಚೆ ಸರಿಸಿದೆ. ಆಚಾರಿ ಬಹಳ ವಿನಯದಿಂದ ತಲೆಯಾಡಿಸುವುದು ಕಾಣಿಸಿತು. ನಮ್ಮ ಕೆಲಸ ಮೆಚ್ಚಿದ್ದಾನೆ ಎಂದುಕೊಂಡೆ.

"ಆಚಾರಿ, ಆಯ್ತಾ?" ಎಂದು ಭಾವ ಕೇಳಿದಾಗ, "ಆಯ್ತು ಸ್ವಾಮಿ, ತಾವು ಹೇಳಿದಷ್ಟೇ ತೆಗೆದಿದ್ದೀನಿ" ಎಂದ. ಗ್ಲಾಸು ಇಟ್ಟರೆ ಅದು ಚೌಕಟ್ಟನ್ನು ಮುಟ್ಟದೆ ಸೀದಾ ಭಾವನ ತೊಡೆಗೆ ಬಂತು.

"ಎಷ್ಟು ತೆಗೆದದ್ದು ಮಾರಾಯ?"

"ಅಂಚಿಂದ ಒಂದಿಂಚು, ಸ್ವಾಮಿ. ತಾವೇ ಅಂದ್ರಲ್ಲ, ಅಂಚು, ಒಂದಿಂಚು ಅಂತ. ಜಾಸ್ತಿ ಆಗ್ತದಲ್ಲ ಅಂತ ನನಗೂ ಅನ್ನಿಸ್ತು. ತಾವು ಎರಡು ಮೂರು ಸಲ ಹೇಳಿದ್ರಿ, ಅದಕ್ಕೇ ಧೈರ್ಯ ಮಾಡಿದೆ."

"ಅದು ಅಳತೆ ಅಲ್ಲ! ತುಳು!"

ಆಚಾರಿ ನನ್ನ ಕಡೆ ನೋಡಿ, "ತುಳುವಿನಲ್ಲಿ ಇಂಚು ಎಷ್ಟುದ್ದ ಸ್ವಾಮಿ?" ಎಂದು ಕೇಳಿದ. ಅಂದಿನಿಂದ ಭಾವ ಅವನ ಎದುರು ಬಾಯಿ ತೆರೆಯದೆ ಬರೀ ಕೈಸನ್ನೆ ಮಾಡತೊಡಗಿದರು. ಅವರು ಬೆವರು ಒರೆಸಲು ಕೈ ಎತ್ತಿದರೂ ಆಚಾರಿ ಉಳಿ ಎತ್ತುತ್ತಿದ್ದ.

ರಬ್ಬರ್ ಬೀಡಿಂಗ್

ಕೆತ್ತಿದ ಮರ ಮತ್ತೆ ಬೆಳೆಯುವುದಿಲ್ಲ. ಸಂದನ್ನು ತುಂಬಲು ಗ್ಲಾಸಿನ ಸುತ್ತ ಕೂರಿಸುವ ರಬ್ಬರ್ ಬೀಡಿಂಗ್ ತರಲು ನನ್ನನ್ನು ಅಟ್ಟಿದರು. ನನಗೆ ಆ ವಸ್ತು ಹೇಗಿರುತ್ತದೆ ಎಂದೇ ಗೊತ್ತಿಲ್ಲ. ರಸ್ತೆಬದಿಯ ಅಂಗಡಿಯಲ್ಲಿ ಕೇಳಿದೆ.

"ಬೀಡಿಂಗ್ ಉಂಟಾ?"

"ಬೀಡಿಯಾ? ಉಂಟು."

"ರಬ್ಬರಿನದ್ದು ಆಗಬೇಕು."

ಅಂಗಡಿಯವನು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಒಂದು ಕಟ್ಟು ಬೀಡಿಯ ನೂಲು ಬಿಚ್ಚಿ, ರಬ್ಬರ್ ಬ್ಯಾಂಡು ಸುತ್ತಿ, ಕೈಗೆ ಕೊಟ್ಟ. ಇದರಿಂದ ಗ್ಲಾಸು ಹೇಗೆ ನಿಲ್ಲುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಫಿಟ್ಟರಿಗೆ ಗೊತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಭಾವ ಕಟ್ಟು ತಿರುಗಿಸಿ ತಿರುಗಿಸಿ ನೋಡಿದರು, ನನ್ನನ್ನೂ ನೋಡಿದರು. ಹುಟ್ಟಿದ ಮೇಲೆ ಬೀಡಿ ಸೇದದ ಮನುಷ್ಯ, ಅಲ್ಲೇ ಒಂದು ಹಚ್ಚಿದರು.

ಒಳ್ಳೆಯ ಗ್ಲಾಸು

ಕೊನೆಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತ ತುಂಬಿದೆವು. ಗ್ಲಾಸು ಬೀಳದಿರಲು ಕಿಟಕಿಗೆ ಹಾಕುವಂಥ ಮರದ ತಿರುಗಣಿಗಳನ್ನು ಮೂಲೆಗಳಿಗೆ ಹೊಡೆದೆವು. ತಿರುಗಿಸಿದರೆ ಬಿಗಿ, ಮತ್ತೆ ತಿರುಗಿಸಿದರೆ ಸಡಿಲ. ಭಾವ ಸಂಜೆಯೆಲ್ಲ ಬೂದಿ ಹಾಕಿ, ಪೇಪರಿನಲ್ಲಿ ತಿಕ್ಕಿ, ಗ್ಲಾಸು ಇದೆಯೋ ಇಲ್ಲವೋ ಎಂದು ತಿಳಿಯದಷ್ಟು ಹೊಳೆಯಿಸಿದರು. ಮರುದಿನ ಕಾರು ಪಾಸು ಮಾಡುವ ಇನ್‌ಸ್ಪೆಕ್ಟರು ಮನೆಗೇ ಬರುವವರಿದ್ದರು. ಕಾರು ಅವರಲ್ಲಿಗೆ ಹೋಗಬೇಕಾದರೆ ಪಾಸಾಗಬೇಕು, ಪಾಸಾಗಬೇಕಾದರೆ ಅವರಲ್ಲಿಗೆ ಹೋಗಬೇಕು. ಈ ಗಂಟು ಬಿಡಿಸಲು ಭಾವ ಅವರ ಕೈಕಾಲು ಹಿಡಿದಿದ್ದರು. ಚಪ್ಪರದವರು ಬರಲು ಮಧ್ಯೆ ಇದ್ದದ್ದು ಅದೊಂದೇ ದಿನ.

ಇನ್‌ಸ್ಪೆಕ್ಟರು ಬಿಸಿಲೇರಿದ ಮೇಲೆ ಬಂದರು. ಹಾರ್ನು ಒತ್ತಿದರು, ಬ್ರೇಕು ಮೆಟ್ಟಿದರು. ಎದುರಿಗೆ ನಿಂತು, "ಗ್ಲಾಸು ಒಳ್ಳೆದುಂಟು. ಎಷ್ಟು ಕ್ಲೀನ್!" ಎಂದರು.

"ನಾನೇ ಒರೆಸಿದ್ದು ಸರ್" ಎಂದರು ಭಾವ, ನಾಚಿಕೊಂಡು.

ಅಷ್ಟರಲ್ಲಿ ಅಕ್ಕನ ಹೇಂಟೆಯೊಂದು ಬಾನೆಟ್ಟಿನ ಮೇಲೆ ಹಾರಿತು. ಅತ್ತ ನೋಡಿತು, ಇತ್ತ ನೋಡಿತು, ಗ್ಲಾಸಿನ ಮೂಲಕ ನಡೆದು ಒಳಗೆ ಹೋಗಿ ಸ್ಟಿಯರಿಂಗಿನ ಮೇಲೆ ಕೂತಿತು.

ನಿನ್ನೆ ನನ್ನ ಕೈಯಾರೆ ಕೂರಿಸಿದ ಗ್ಲಾಸು! ಭಾವ ಮೆಲ್ಲಗೆ ಕೈ ಚಾಚಿದರು. ಕೈ ಒಳಗೆ ಹೋಯಿತು.

ಇನ್‌ಸ್ಪೆಕ್ಟರು ಹೇಳಿದರು: "ಒರೆಸಿದ್ದು ಸಾಕು. ಇನ್ನು ಹಾಕಿ."

ಹುಡುಕಿದೆವು. ಕಾರಿನ ಅಡಿ ನೋಡಿದೆವು, ಬಾವಿಗೆ ಇಣುಕಿದೆವು. ಹಿತ್ತಿಲಿಗೆ ಹೋದರೆ ಎರಡು ಮಣೆಗಳ ಮೇಲೆ ಗ್ಲಾಸು ಮಲಗಿದೆ, ಅದರ ಮೇಲೆ ಮದುವೆಗೆ ತಟ್ಟಿದ ಹಲಸಿನಕಾಯಿ ಹಪ್ಪಳ ಸಾಲಾಗಿ ಒಣಗುತ್ತಿದೆ.

"ಇದು ಕಾರಿನ ಗ್ಲಾಸು ಅಂತ ಗೊತ್ತಿರಲಿಲ್ವಾ ನಿನಗೆ?" ಎಂದು ಭಾವ ಅಕ್ಕನನ್ನು ಕೇಳಿದರು.

"ಗೊತ್ತಿತ್ತು. ಅದಕ್ಕೇ ಜಾಗ್ರತೆಯಲ್ಲಿ ತೆಗೆದದ್ದು" ಎಂದಳು ಅಕ್ಕ. "ಚಾಪೆಯಲ್ಲಿ ಹಾಕಿದರೆ ಹಪ್ಪಳಕ್ಕೆ ಗೆರೆ ಬೀಳ್ತದೆ."

ಹಪ್ಪಳ ಎಬ್ಬಿಸಿ ಗ್ಲಾಸು ಕೂರಿಸುವವರೆಗೆ ಇನ್‌ಸ್ಪೆಕ್ಟರು ಜಗಲಿಯಲ್ಲಿ ಕೂತು ಅದೇ ಹಪ್ಪಳ ಕರಿದದ್ದನ್ನು ತಿಂದರು. ಗ್ಲಾಸಿನ ತುಂಬಾ ಚಂದ್ರನಂಥ ಗುರುತುಗಳು. ಅವರು ಒಂದು ಗುರುತನ್ನು ಉಗುರಿನಿಂದ ಕೆರೆದು ನೋಡಿ, ತಲೆಯಾಡಿಸಿ, ಪಾಸು ಎಂದರು.

ಭಾವ ಇಂಜಿನು ಶುರು ಮಾಡಿದರು. ನಾನು ಪಕ್ಕದಲ್ಲಿ ಕೂತೆ. ಕಾರು ತನ್ನ ಕಾಲಲ್ಲೇ ಅಂಗಳ ಬಿಟ್ಟು ಗೇಟಿನ ಹೊರಗೆ ಹೋಯಿತು. ಹಿಂದಿನಿಂದ "ನಿಲ್ಲಿ! ನಿಲ್ಲಿ!" ಎಂದು ಕೂಗುತ್ತಾ ಅಕ್ಕ ಓಡಿ ಬಂದಳು. ಕೈಯಲ್ಲಿ ದೊಡ್ಡ ಹರಿವಾಣ.

ಭಾವನ ಕಣ್ಣು ತುಂಬಿತು. "ನೋಡು ಮಾರಾಯ, ಎಷ್ಟು ಬೈದರೂ ಮನಸ್ಸು ಒಳ್ಳೆದು. ಆರತಿ ತಂದಿದ್ದಾಳೆ" ಎಂದು ಕಾರು ನಿಲ್ಲಿಸಿದರು.

ಅಕ್ಕ ಏದುಸಿರು ಬಿಡುತ್ತಾ ಎದುರಿಗೆ ಬಂದಳು. ಹರಿವಾಣದ ತುಂಬಾ ಹಸಿ ಹಪ್ಪಳ.

"ಕಾರು ಹೋಗಬೇಕು ಅಂದದ್ದು ನಾನು. ಗ್ಲಾಸು ಹೋಗಬೇಕು ಅಂತ ಯಾರು ಹೇಳಿದ್ದು ಮಾರಾಯ್ರೆ? ಅದನ್ನು ಇಳಿಸಿ ಹೋಗಿ!"